‘ಬರ್ಲಿಲ್ಲ’ ಮತ್ತು ‘ಬಂದಿಲ್ಲ’: ಇಂಗ್ಲಿಷ್‌ನಲ್ಲಿ ಡಿಡಂಟ್ ಎಲ್ಲಿ, ಹ್ಯಾವಂಟ್ ಎಲ್ಲಿ?

ಬೈಕಂಪಾಡಿ_ಲೆಡ್ಜರ್ · ಸೋಮವಾರ, ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ನಾನು ಮಂಗಳೂರಿನಲ್ಲಿ ಒಂದು ರಫ್ತು ಕಂಪೆನಿಯ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ಊರು ಕಾಪು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಈಗ ದಿನಕ್ಕೆ ಮೂವತ್ತು ನಲವತ್ತು ಇಂಗ್ಲಿಷ್ ಮೇಲ್ ಬರೆಯಬೇಕು.

ಕಳೆದ ವಾರ ಹೊರದೇಶದ ಒಬ್ಬ ಗ್ರಾಹಕರಿಂದ ಹಣ ಬರಬೇಕಿತ್ತು, ಬಂದಿರಲಿಲ್ಲ. ನಾನು ಹೀಗೆ ಬರೆದೆ: ‘ವಿ ಡಿಡ್ ನಾಟ್ ರಿಸೀವ್ ಯುವರ್ ಪೇಮೆಂಟ್. ಯು ಡಿಡ್ ನಾಟ್ ರಿಪ್ಲೈ ಟು ಮೈ ಮೇಲ್.’ ಅವರಿಂದ ಸ್ವಲ್ಪ ಖಾರವಾದ ಉತ್ತರ ಬಂತು. ಬ್ಯಾಂಕಿನ ಕಡೆಯಿಂದ ತಡ ಆಗಿದೆ, ಹೀಗೆ ದೂರುವ ಅಗತ್ಯ ಇರಲಿಲ್ಲ ಅಂತ. ನಾನು ದೂರಿರಲೇ ಇಲ್ಲ! ಹಣ ಬರ್ಲಿಲ್ಲ ಅಂತ ತಿಳಿಸಿದ್ದು ಅಷ್ಟೆ.

ನಮ್ಮ ಮ್ಯಾನೇಜರ್ ಕರೆದು, ‘ಹ್ಯಾವ್ ನಾಟ್ ರಿಸೀವ್ಡ್’ ಅಂತ ಬರೆಯಬೇಕಿತ್ತು ಅಂದರು. ಯಾಕೆ ಅಂತ ಕೇಳಿದರೆ, ಅದು ಹಾಗೇ ಅಂದರು. ಶಾಲೆಯಲ್ಲೂ ಈ ಹ್ಯಾವ್, ಹ್ಯಾಸ್ ಬರುವ ರೂಪವನ್ನು ಪ್ರೆಸೆಂಟ್ ಪರ್ಫೆಕ್ಟ್ ಅಂತ ಬಾಯಿಪಾಠ ಮಾಡಿದ್ದೇ ಹೊರತು ಯಾವಾಗ ಬಳಸುವುದು ಅಂತ ಯಾರೂ ಹೇಳಲಿಲ್ಲ.

ನನಗೆ ನಿಯಮಗಳ ಪಟ್ಟಿ ಬೇಡ. ಮೇಲ್ ಬರೆಯುವಾಗ, ಫೋನಿನಲ್ಲಿ ಮಾತಾಡುವಾಗ ತಲೆಗೆ ತಟ್ಟನೆ ಹೊಳೆಯುವ ಹಾಗೆ ಯಾರಾದರೂ ಬಿಡಿಸಿ ಹೇಳುತ್ತೀರಾ?

ಅಜ್ಜರಕಾಡು_ಮೇಷ್ಟ್ರು · ಸೋಮವಾರ, ರಾತ್ರಿ 10:02

ಉಡುಪಿಯಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದ್ದೇನೆ. ನಿಮ್ಮ ಪ್ರಶ್ನೆಗೆ ಉತ್ತರ ನಿಮ್ಮ ಕನ್ನಡದಲ್ಲೇ ಇದೆ.

ಒಂದು ಮದುವೆ ಹಾಲ್ ನೆನಪು ಮಾಡಿಕೊಳ್ಳಿ. ಗಂಟೆ ಹನ್ನೊಂದೂವರೆ. ಧಾರೆ ಆಗಿದೆ, ಊಟದ ಎಲೆ ಇನ್ನೂ ಹಾಕಿಲ್ಲ. ಯಾರೋ ಕೇಳುತ್ತಾರೆ, ಬೊಂಬಾಯಿ ಮಾವ ಎಲ್ಲಿ? ನೀವು ಹೇಳುತ್ತೀರಿ, ‘ಮಾವ ಬಂದಿಲ್ಲ’. ಹೇಳುತ್ತಾ ಗೇಟಿನ ಕಡೆ ಒಮ್ಮೆ ನೋಡುತ್ತೀರಿ. ಬರಬಹುದು, ಹೊತ್ತು ಮೀರಿಲ್ಲ. ಇದು ‘ಹಿ ಹ್ಯಾಸಂಟ್ ಕಮ್’.

ಅದೇ ಮಾತು ಮಾರನೇ ದಿನ ಮನೆಯಲ್ಲಿ ಬಂದರೆ? ‘ಮಾವ ಮದುವೆಗೆ ಬರಲಿಲ್ಲ’ ಅನ್ನುತ್ತೀರಿ. ಹಾಲ್ ಖಾಲಿ, ಶಾಮಿಯಾನ ಬಿಚ್ಚಿ ಆಗಿದೆ. ಇನ್ನು ಬರುವ ಪ್ರಶ್ನೆಯೇ ಇಲ್ಲ. ಇದು ‘ಹಿ ಡಿಡಂಟ್ ಕಮ್’. ಇದರಲ್ಲಿ ಸ್ವಲ್ಪ ಬೇಸರವೂ ಕೇಳಿಸುತ್ತದೆ, ಅಲ್ವಾ?

ಇಂಗ್ಲಿಷಿನವರ ಕಿವಿಯೂ ಹೀಗೆಯೇ ಕೇಳುತ್ತದೆ. ‘ವಿ ಹ್ಯಾವಂಟ್ ರಿಸೀವ್ಡ್’ ಅಂದರೆ ಇವತ್ತಿನವರೆಗೆ ಕೈಗೆ ಸಿಕ್ಕಿಲ್ಲ, ದಾರಿಯಲ್ಲಿರಬಹುದು, ನಾವು ಕಾಯುತ್ತಿದ್ದೇವೆ. ‘ವಿ ಡಿಡ್ ನಾಟ್ ರಿಸೀವ್’ ಅಂದರೆ ಬರಬೇಕಾದ ದಿನ ಬರಲಿಲ್ಲ, ವಿಷಯ ಮುಗಿಯಿತು. ‘ಯು ಡಿಡ್ ನಾಟ್ ರಿಪ್ಲೈ’ ಇನ್ನೂ ಗಡಸು. ತಪ್ಪು ಮಾಡಿದವರು ನೀವು ಅಂತ ದಾಖಲೆ ಬರೆದ ಹಾಗೆ. ಅಲ್ಲಿ ‘ಐ ಹ್ಯಾವಂಟ್ ಹರ್ಡ್ ಫ್ರಮ್ ಯು ಯೆಟ್’ ಅನ್ನಿ. ಮಾತು ನಿಮ್ಮಿಂದ ಶುರುವಾಗುತ್ತದೆ, ಅವರ ಮೇಲೆ ಬೆರಳು ತೋರಿಸಿದ ಹಾಗೆ ಆಗುವುದಿಲ್ಲ.

ನಮ್ಮ ಕಡೆಯವರಿಗೆ ಇದು ಯಾಕೆ ಕಷ್ಟ ಅಂದರೆ, ಕರಾವಳಿಯ ಮಾತಿನಲ್ಲಿ ಎರಡನ್ನೂ ಒಂದೇ ಮಾಡಿಬಿಡುತ್ತೇವೆ. ‘ಊಟ ಆಯ್ತಾ?’ ‘ಇಲ್ಲ, ಇನ್ನೂ ಆಗ್ಲಿಲ್ಲ’. ‘ಬಸ್ ಬಂತಾ?’ ‘ಬರ್ಲಿಲ್ಲ’. ಬಸ್ಸಿಗೆ ಕಾಯುತ್ತಾ ನಿಂತಿದ್ದೇವೆ, ಆದರೂ ಬರ್ಲಿಲ್ಲ ಅಂತಲೇ ಹೇಳುತ್ತೇವೆ. ಅದನ್ನು ಹಾಗೇ ಇಂಗ್ಲಿಷಿಗೆ ಇಳಿಸಿದಾಗ ‘ಡಿಡಂಟ್ ಕಮ್’ ಆಗುತ್ತದೆ. ನಮ್ಮ ಮಾತು ತಪ್ಪು ಅಂತ ಹೇಳುತ್ತಿಲ್ಲ. ನಮಗೆ ಅದು ಸರಿಯಾಗಿ ಅರ್ಥ ಆಗುತ್ತದೆ. ಆದರೆ ಇಂಗ್ಲಿಷ್ ಬರೆಯುವ ಮುಂಚೆ ಒಂದು ಕ್ಷಣ ಪೇಪರಿನ ಕನ್ನಡದಲ್ಲಿ ಯೋಚಿಸಿ. ‘ಬಂದಿಲ್ಲ’ ಹೊಂದುತ್ತದಾ, ‘ಬರಲಿಲ್ಲ’ ಹೊಂದುತ್ತದಾ? ಮೊದಲನೆಯದಾದರೆ ಹ್ಯಾವಂಟ್. ಎರಡನೆಯದಾದರೆ ಡಿಡಂಟ್.

ನನ್ನ ಕ್ಲಾಸಿನಲ್ಲಿ ಈ ಒಂದು ಮಾತಿನಿಂದ ಆದಷ್ಟು ಉಪಕಾರ ಬೇರೆ ಯಾವ ಕೋಷ್ಟಕದಿಂದಲೂ ಆಗಿಲ್ಲ. ಆಗಿಲ್ಲ, ನೋಡಿ. ಆಗಲಿಲ್ಲ ಅಲ್ಲ.

ಬೈಕಂಪಾಡಿ_ಲೆಡ್ಜರ್ · ಸೋಮವಾರ, ರಾತ್ರಿ 10:20

ಸರ್, ಓದುತ್ತಾ ಓದುತ್ತಾ ಗೇಟಿನ ಕಡೆ ನೋಡುವ ಆ ಮಾವನ ಕಥೆಯಲ್ಲಿ ಎಲ್ಲ ಸಿಕ್ಕಿತು. ಹನ್ನೆರಡು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ, ಯಾರೂ ಹೀಗೆ ಹೇಳಿರಲಿಲ್ಲ.

ಸುರತ್ಕಲ್_ಟು_ಚಿಕಾಗೊ · ಮಂಗಳವಾರ, ಬೆಳಿಗ್ಗೆ 6:45

ಮೇಷ್ಟ್ರ ಮಾತು ಚೆನ್ನಾಗಿದೆ. ಆದರೆ ಪೂರ್ತಿ ಒಪ್ಪಲು ಆಗುವುದಿಲ್ಲ. ನಾನು ಎಂಟು ವರ್ಷದಿಂದ ಅಮೆರಿಕದಲ್ಲಿದ್ದೇನೆ. ಇಲ್ಲಿ ಆಫೀಸಿನಲ್ಲಿ ದಿನಾ ಕೇಳುವುದು ‘ಡಿಡ್ ಯು ಈಟ್ ಯೆಟ್?’ ಉತ್ತರ, ‘ನೋ, ಐ ಡಿಡಂಟ್ ಈಟ್ ಯೆಟ್’. ಇಲ್ಲೇ ಹುಟ್ಟಿ ಬೆಳೆದವರೇ ಹೀಗೆ ಮಾತಾಡುತ್ತಾರೆ. ಹಾಗಾದರೆ ನಮ್ಮ ಮಂಗಳೂರಿನ ‘ಡಿಡಂಟ್ ಕಮ್ ಯೆಟ್’ ಮಾತ್ರ ತಪ್ಪು ಹೇಗೆ?

ಇನ್ನೊಂದು. ಇಲ್ಲಿ ‘ಐ ಹ್ಯಾವಂಟ್ ಗಾಟನ್ ದ ಮೇಲ್’ ಅನ್ನುತ್ತಾರೆ. ಅಂದರೆ ಮೇಲ್ ಬಂದಿಲ್ಲ. ಬ್ರಿಟನ್‌ನವರು ಗಾಟನ್ ಅನ್ನುವುದು ಕಡಿಮೆ. ಅವರ ‘ಐ ಹ್ಯಾವಂಟ್ ಗಾಟ್ ಎ ಪೆನ್’ ಅಂದರೆ ಪೆನ್ ಬಂದಿಲ್ಲ ಅಂತ ಅಲ್ಲ, ನನ್ನ ಹತ್ತಿರ ಪೆನ್ ಇಲ್ಲ ಅಂತ. ನೋಡಲು ಪರ್ಫೆಕ್ಟ್, ಅರ್ಥ ಸಾದಾ ‘ಇಲ್ಲ’. ಇದರಲ್ಲಿ ನಾನು ಮೊದಲ ತಿಂಗಳು ಬಹಳ ಗೊಂದಲಪಟ್ಟಿದ್ದೆ.

ಅಜ್ಜರಕಾಡು_ಮೇಷ್ಟ್ರು · ಮಂಗಳವಾರ, ಬೆಳಿಗ್ಗೆ 8:30

ನೀವು ಹೇಳಿದ್ದು ನಿಜ. ಅಮೆರಿಕದ ಆಡುಮಾತಿನಲ್ಲಿ ಯೆಟ್, ಆಲ್‌ರೆಡಿ, ಜಸ್ಟ್ ಇದ್ದಾಗಲೂ ಡಿಡ್ ಬರುತ್ತದೆ. ಅದನ್ನು ತಪ್ಪು ಅಂತ ಹೊಡೆದು ಹಾಕಬಾರದು. ಆದರೆ ಅಲ್ಲಿ ಆ ‘ಯೆಟ್’ ಇದೆಯಲ್ಲ, ಅದೇ ಕೆಲಸ ಮಾಡುವುದು. ಇನ್ನೂ ಹೊತ್ತಿದೆ ಅಂತ ಹೇಳುವುದು ಆ ಒಂದು ಪದ. ಲೆಡ್ಜರ್ ಅವರ ಮೇಲ್‌ನಲ್ಲಿ ಯೆಟ್ ಕೂಡ ಇರಲಿಲ್ಲ. ಹಾಗಾಗಿ ಕದ ಹಾಕಿದ ಹಾಗೆ ಕೇಳಿಸಿತು.

ಅಮೆರಿಕದವರಿಗೂ ಹ್ಯಾವಂಟ್ ಅರ್ಥ ಆಗುತ್ತದೆ, ಬ್ರಿಟನ್‌ನವರಿಗೂ ಆಗುತ್ತದೆ. ಗ್ರಾಹಕರು ಯಾವ ದೇಶದವರೋ ಗೊತ್ತಿಲ್ಲದಾಗ ಹ್ಯಾವಂಟ್ ಬರೆದರೆ ಎಲ್ಲಿಯೂ ಕಿರಿಕಿರಿ ಆಗುವುದಿಲ್ಲ. ನನ್ನ ಲೆಕ್ಕ ಇಷ್ಟೇ.

ಎಲ್ಲ ಕಡೆಯೂ ತಪ್ಪಾಗಿ ಕೇಳುವುದು ಒಂದಿದೆ. ‘ಐ ಹ್ಯಾವಂಟ್ ಸೀನ್ ಹಿಮ್ ಯೆಸ್ಟರ್‌ಡೇ’. ಯೆಸ್ಟರ್‌ಡೇ, ಲಾಸ್ಟ್ ವೀಕ್, 2019ರಲ್ಲಿ ಅಂತ ಮುಗಿದು ಹೋದ ಕಾಲವನ್ನು ಹೆಸರಿಸಿದ ಮೇಲೆ ಹ್ಯಾವಂಟ್ ಬರುವುದಿಲ್ಲ. ಅಲ್ಲಿ ಡಿಡಂಟ್ ಸೀ. ಮದುವೆ ನಿನ್ನೆಯೇ ಮುಗಿದಿದೆ, ಇನ್ನು ಗೇಟಿನ ಕಡೆ ನೋಡಿ ಪ್ರಯೋಜನ ಇಲ್ಲ.

ಕುಲಶೇಖರ_ತುಳುವ · ಮಂಗಳವಾರ, ಮಧ್ಯಾಹ್ನ 1:15

ನನ್ನದೂ ಒಂದು ಮಾತು. ಕರಾವಳಿಯವರಿಗೆ ಈ ವ್ಯತ್ಯಾಸ ಗೊತ್ತಿಲ್ಲ ಅಂತ ಯಾರೂ ತಿಳಿಯಬಾರದು. ನಮ್ಮ ಮನೆ ತುಳುವಿನಲ್ಲಿ ‘ಆಯೆ ಬತ್ತಿಜೆ’ ಬೇರೆ, ‘ಆಯೆ ಬೈದಿಜೆ’ ಬೇರೆ. ಮೊದಲನೆಯದು ಬರಲಿಲ್ಲ. ಎರಡನೆಯದು ಬಂದಿಲ್ಲ. ‘ಬತ್ತೆ’ ಅಂದರೆ ಬಂದೆ, ‘ಬೈದೆ’ ಅಂದರೆ ಬಂದಿದ್ದೇನೆ. ನಾಲ್ಕು ವರ್ಷದ ಮಗು ಕೂಡ ಇದನ್ನು ತಪ್ಪುವುದಿಲ್ಲ.

ಬಾಸೆಲ್ ಮಿಶನ್‌ನವರು 1872ರಲ್ಲಿ ಮಂಗಳೂರಿನಿಂದ ಹೊರತಂದ ಬ್ರಿಗೆಲ್ ಅವರ ತುಳು ವ್ಯಾಕರಣದಲ್ಲೂ ಸಾದಾ ಭೂತಕಾಲ ಒಂದು ಕಡೆ, ಪರ್ಫೆಕ್ಟ್ ಇನ್ನೊಂದು ಕಡೆ ಕೊಟ್ಟಿದ್ದಾರೆ. ಹೊರಗಿನಿಂದ ಬಂದವರಿಗೂ ಅದು ಕೇಳಿಸಿತ್ತು.

ನಾನು ಟ್ಯೂಷನ್ ಕೊಡುವಾಗ ತುಳು ಮನೆಯ ಮಕ್ಕಳಿಗೆ ಹೀಗೆಯೇ ಹೇಳುತ್ತೇನೆ. ‘ಬೈದಿಜೆ’ ಅಂತ ಬಾಯಿಗೆ ಬಂದರೆ ಹ್ಯಾಸಂಟ್ ಹಾಕು. ‘ಬತ್ತಿಜೆ’ ಅಂತ ಬಂದರೆ ಡಿಡಂಟ್ ಹಾಕು. ಕನ್ನಡಕ್ಕೂ ಹೋಗಬೇಕಾಗಿಲ್ಲ. ಎರಡು ದಿನದಲ್ಲಿ ಕಲಿಯುತ್ತಾರೆ.

ನನಗೆ ಬೇಜಾರಾಗುವುದು ಒಂದೇ. ಮಕ್ಕಳಿಗೆ ಮನೆಯ ಭಾಷೆ ಇಂಗ್ಲಿಷಿಗೆ ಅಡ್ಡಿ ಅಂತ ಇವತ್ತಿಗೂ ಎಷ್ಟೋ ಕಡೆ ಹೇಳುತ್ತಾರೆ. ಇಲ್ಲಿ ಅದೇ ಏಣಿ ಆಗುತ್ತಿದೆ.

ವೆಲೆನ್ಸಿಯಾ_ಮನೆ · ಮಂಗಳವಾರ, ಮಧ್ಯಾಹ್ನ 1:40

ನಮ್ಮ ಮನೆಯ ಕೊಂಕಣಿಯಲ್ಲಿ ಆ ಅನುಕೂಲ ಇಲ್ಲ. ಊಟ ಮಾಡಲಿಲ್ಲ, ಊಟ ಮಾಡಿಲ್ಲ, ಎರಡಕ್ಕೂ ‘ಜೆವೊಂಕ್ ನಾ’ ಅಂತಲೇ ಹೇಳುತ್ತೇವೆ. ಹಾಗಾಗಿ ನನಗೆ ಮೇಷ್ಟ್ರು ಹೇಳಿದ ಪೇಪರಿನ ಕನ್ನಡವೇ ಸಹಾಯಕ್ಕೆ ಬರುವುದು.

ಉಡುಪಿ_ನರ್ಸ್_ಐರ್ಲೆಂಡ್ · ಮಂಗಳವಾರ, ಸಂಜೆ 7:30

ಈ ಚರ್ಚೆ ನೋಡಿ ಬರೆಯದೆ ಇರಲು ಆಗಲಿಲ್ಲ. ಮಂಗಳೂರಿನಲ್ಲಿ ನರ್ಸಿಂಗ್ ಓದಿ ಇಲ್ಲಿಗೆ ಬಂದವಳು. ನಮ್ಮ ಊರಿನ ಎಷ್ಟೋ ಹೆಣ್ಣುಮಕ್ಕಳು ಇದೇ ದಾರಿಯಲ್ಲಿ ಬರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಬಂದ ಎರಡನೇ ವಾರ. ಪಾಳಿ ಬದಲಾಗುವ ಹೊತ್ತು. ಸೀನಿಯರ್ ಕೇಳಿದರು, ‘ಯು ಹ್ಯಾವಂಟ್ ಗಿವನ್ ದ ಇಂಜೆಕ್ಷನ್?’ ನಾನು ‘ಯೆಸ್’ ಅಂದೆ. ನನ್ನ ಮನಸ್ಸಿನಲ್ಲಿ ಇದ್ದದ್ದು, ಹೌದು, ಕೊಟ್ಟಿಲ್ಲ. ಅವರಿಗೆ ಕೇಳಿಸಿದ್ದು, ಕೊಟ್ಟಿದ್ದೇನೆ. ಚಾರ್ಟ್ ನೋಡಿದಾಗ ಸಹಿ ಇರಲಿಲ್ಲ, ಅದಕ್ಕೇ ಗೊತ್ತಾಯಿತು. ರೋಗಿಗೆ ತೊಂದರೆ ಆಗಲಿಲ್ಲ. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಕನ್ನಡದಲ್ಲಿ ‘ಕೊಟ್ಟಿಲ್ವಾ?’ ಅಂತ ಕೇಳಿದರೆ, ಕೇಳಿದವರ ಮಾತು ಸರಿಯಾಗಿದ್ದರೆ ‘ಹೌದು’ ಅನ್ನುತ್ತೇವೆ. ‘ಹೌದು, ಕೊಟ್ಟಿಲ್ಲ’. ಇಂಗ್ಲಿಷ್‌ನಲ್ಲಿ ಹಾಗಲ್ಲ. ಕೇಳಿದ ರೀತಿ ಹೇಗೇ ಇರಲಿ, ಕೆಲಸ ಆಗಿದ್ದರೆ ‘ಯೆಸ್’, ಆಗಿಲ್ಲದಿದ್ದರೆ ‘ನೋ’. ಅಂದರೆ ನಾನು ಹೇಳಬೇಕಿದ್ದದ್ದು ‘ನೋ, ಐ ಹ್ಯಾವಂಟ್’.

ಅವತ್ತಿನಿಂದ ಒಂದು ಅಭ್ಯಾಸ ಮಾಡಿಕೊಂಡೆ. ಬರೀ ಯೆಸ್, ಬರೀ ನೋ ಹೇಳುವುದೇ ಇಲ್ಲ. ‘ಐ ಹ್ಯಾವಂಟ್ ಗಿವನ್ ಇಟ್ ಯೆಟ್’ ಅಂತ ಪೂರ್ತಿ ವಾಕ್ಯ ಹೇಳುತ್ತೇನೆ. ಹೊಸಬರು ಯಾರು ಬಂದರೂ ಮೊದಲ ದಿನವೇ ಇದನ್ನು ಹೇಳಿಕೊಡುತ್ತೇನೆ.

ರೋಗಿಗಳ ಮಾತಿನಲ್ಲೂ ಗಮನ ಬೇಕು. ‘ಐ ಹ್ಯಾವಂಟ್ ಸ್ಲೆಪ್ಟ್’ ಅಂದರೆ ನಿದ್ದೆಯೇ ಆಗಿಲ್ಲ, ಸಾಮಾನ್ಯವಾಗಿ ಕಳೆದ ರಾತ್ರಿಯ ಮಾತು. ‘ಐ ಹ್ಯಾವಂಟ್ ಬೀನ್ ಸ್ಲೀಪಿಂಗ್’ ಅಂದರೆ ಈಚೆಗೆ ಕೆಲವು ದಿನಗಳಿಂದ ನಿದ್ದೆ ಸರಿಯಾಗಿ ಬರುತ್ತಾ ಇಲ್ಲ. ‘ಶಿ ಹ್ಯಾಸಂಟ್ ಬೀನ್ ಈಟಿಂಗ್’ ಅಂತ ಮಗಳು ಹೇಳಿದರೆ ಅಮ್ಮ ಒಂದು ಹೊತ್ತು ಊಟ ಬಿಟ್ಟರು ಅಂತ ಅಲ್ಲ. ದಿನದಿಂದ ದಿನಕ್ಕೆ ಊಟ ಸೇರುತ್ತಿಲ್ಲ ಅಂತ. ಒಂದು ‘ಬೀನ್’ ಕಿವಿತಪ್ಪಿದರೆ ಡಾಕ್ಟರಿಗೆ ತಿಳಿಸುವ ವಿಷಯವೇ ಬದಲಾಗುತ್ತದೆ.

ಮಣಿಪಾಲ_ಸೆಕೆಂಡ್_ಇಯರ್ · ಮಂಗಳವಾರ, ರಾತ್ರಿ 8:05

ಅಕ್ಕ, ತುಂಬಾ ಉಪಯೋಗ ಆಯಿತು. ನನಗೆ ಕೇಳಿಸಿಕೊಳ್ಳುವುದೇ ಕಷ್ಟ. ಆಡಿಯೋದಲ್ಲಿ ಅವರು ಹ್ಯಾವ್ ಅಂದರಾ, ಹ್ಯಾವಂಟ್ ಅಂದರಾ ಗೊತ್ತಾಗುವುದಿಲ್ಲ. ಆ ಕೊನೆಯ ‘ಟ್’ ಕೇಳುವುದೇ ಇಲ್ಲ. ಏನು ಮಾಡುವುದು?

ಉಡುಪಿ_ನರ್ಸ್_ಐರ್ಲೆಂಡ್ · ಮಂಗಳವಾರ, ರಾತ್ರಿ 8:40

‘ಟ್’ಗೆ ಕಾಯಬೇಡಿ. ಅದು ಎಷ್ಟೋ ಸಲ ಬಾಯಿಯ ಹೊರಗೆ ಬರುವುದೇ ಇಲ್ಲ. ಶುರುವನ್ನು ಕೇಳಿ.

‘ನೋಡಿದ್ದೇನೆ’ ಅನ್ನುವಾಗ ಅವರು ಹ್ಯಾವ್ ಅನ್ನು ನುಂಗಿಬಿಡುತ್ತಾರೆ. ‘ಐವ್ ಸೀನ್ ಇಟ್’. ಉಳಿಯುವುದು ಬರೀ ಒಂದು ‘ವ್’. ‘ನೋಡಿಲ್ಲ’ ಅನ್ನುವಾಗ ಹಾಗೆ ನುಂಗಲು ಆಗುವುದಿಲ್ಲ. ‘ಹ್ಯಾ’ ಪೂರ್ತಿಯಾಗಿ, ಒತ್ತಿನಿಂದ ಬರುತ್ತದೆ. ‘ಐ ಹ್ಯಾವನ್ ಸೀನ್ ಇಟ್’. ಹಾಗಾಗಿ ವಾಕ್ಯದ ಮಧ್ಯೆ ಗಟ್ಟಿಯಾದ ‘ಹ್ಯಾ’ ಕೇಳಿದರೆ ಹೆಚ್ಚಾಗಿ ಅದು ‘ಇಲ್ಲ’.

ಇನ್ನೊಂದು ಬಗೆ ಇದೆ. ಸ್ಕಾಟ್ಲೆಂಡ್, ಉತ್ತರ ಇಂಗ್ಲೆಂಡ್ ಕಡೆಯವರು ‘ಐವ್ ನಾಟ್ ಸೀನ್ ಇಟ್’ ಅನ್ನುವುದು ಜಾಸ್ತಿ. ಅರ್ಥ ಒಂದೇ. ಅಲ್ಲಿ ‘ನಾಟ್’ ಮೇಲೆ ಒತ್ತು ಬೀಳುತ್ತದೆ, ಅದನ್ನು ಹಿಡಿಯಿರಿ. ಹಾಡುಗಳಲ್ಲಿ ‘ಐ ಏಂಟ್ ಸೀನ್’ ಅಂತ ಬಂದರೆ ಅದೂ ಹ್ಯಾವಂಟ್ ಸೀನ್. ಕೇಳಿ ಅರ್ಥ ಮಾಡಿಕೊಳ್ಳಿ, ಆದರೆ ಪರೀಕ್ಷೆಯಲ್ಲಿ, ಕೆಲಸದ ಮೇಲ್‌ನಲ್ಲಿ ಬರೆಯಬೇಡಿ.

ಶುಡಂಟ್ ಹ್ಯಾವ್, ಕುಡಂಟ್ ಹ್ಯಾವ್ ಬಂದಾಗ ಅಲ್ಲಿನ ಹ್ಯಾವ್ ‘ಅವ್’ ಆಗುತ್ತದೆ. ‘ಶುಡಂಟವ್’, ‘ಕುಡಂಟವ್’. ಇದನ್ನು ‘ಆಫ್’ ಅಂತ ಕೇಳಿಸಿಕೊಂಡು ಹಾಗೇ ಬರೆಯುವವರು ಇಂಗ್ಲಿಷ್ ಮನೆಮಾತಾದವರಲ್ಲೂ ಇದ್ದಾರೆ. ನೀವು ಹ್ಯಾವ್ ಅಂತಲೇ ಬರೆಯಿರಿ.

ಕದ್ರಿ_ಗುಡ್ಡೆ · ಮಂಗಳವಾರ, ರಾತ್ರಿ 9:25

ಶುಡಂಟ್ ಹ್ಯಾವ್ ಅಂದಾಗ ನೆನಪಾಯಿತು. ನಮ್ಮ ಕಂಪೆನಿಗೆ ಬ್ರಿಟನ್‌ನಿಂದ ಒಬ್ಬರು ಬಂದಿದ್ದರು. ಹೊರಡುವ ದಿನ ಅವರಿಗೆ ಬಾಳೆಕಾಯಿ ಚಿಪ್ಸ್, ಹಲ್ವ ಎಲ್ಲ ಕಟ್ಟಿ ಕೊಟ್ಟೆ. ಅವರು ತೆಗೆದುಕೊಂಡು ‘ಓ, ಯು ಶುಡಂಟ್ ಹ್ಯಾವ್!’ ಅಂದರು. ನನಗೆ ಎದೆ ಧಸಕ್ ಅಂತು. ಕೊಡಬಾರದಿತ್ತಾ? ಅವರ ಕಂಪೆನಿಯ ನಿಯಮ ಏನಾದರೂ ಇದೆಯಾ? ಇಡೀ ಸಂಜೆ ಅದೇ ಯೋಚನೆ.

ಆಮೇಲೆ ಒಬ್ಬ ಸಹೋದ್ಯೋಗಿ ಬಿಡಿಸಿ ಹೇಳಿದರು. ನಮ್ಮ ಮನೆಗೆ ನೆಂಟರು ಹಣ್ಣು ಹಿಡಿದುಕೊಂಡು ಬಂದಾಗ ‘ಅಯ್ಯೋ, ಇದೆಲ್ಲ ಎಂತಕ್ಕೆ ತಂದದ್ದು?’ ಅನ್ನುತ್ತೇವಲ್ಲ, ಅದೇ ಇದು. ಪ್ರೀತಿಯ ಮಾತು. ತಂದದ್ದು ತಪ್ಪು ಅಂತ ಅರ್ಥವೇ ಅಲ್ಲ.

ಇದರ ತಂಗಿ ‘ನೀಡಂಟ್ ಹ್ಯಾವ್’. ‘ಯು ನೀಡಂಟ್ ಹ್ಯಾವ್ ಕುಕ್ಡ್’ ಅಂದರೆ ಅಡುಗೆ ಆಗಿಬಿಟ್ಟಿದೆ, ಆದರೆ ಮಾಡಬೇಕು ಅಂತ ಇರಲಿಲ್ಲ. ಸುಮ್ನೆ ಕಷ್ಟಪಟ್ಟಿರಿ ಅನ್ನುವ ಭಾವ. ‘ಯು ಡಿಡಂಟ್ ನೀಡ್ ಟು ಕುಕ್’ ಅಂದರೆ ಅಗತ್ಯ ಇರಲಿಲ್ಲ ಅಂತ ಅಷ್ಟೆ. ಮಾಡಿದರೋ ಇಲ್ಲವೋ ಆ ಮಾತಿನಿಂದ ಗೊತ್ತಾಗುವುದಿಲ್ಲ.

ಸುರತ್ಕಲ್_ಟು_ಚಿಕಾಗೊ · ಬುಧವಾರ, ಬೆಳಿಗ್ಗೆ 6:20

ಊಹೆಯ ಮಾತಿಗೆ ನಮ್ಮ ಕರಾವಳಿಯ ‘ಲಿಕ್ಕಿಲ್ಲ’ ಎಷ್ಟು ಚೆನ್ನಾಗಿ ಹೊಂದುತ್ತದೆ ಅಂತ ರಾತ್ರಿ ಯೋಚಿಸುತ್ತಿದ್ದೆ. ಉಡುಪಿ ಸ್ಟೇಷನ್‌ನಲ್ಲಿ ನಿಂತು, ‘ಮತ್ಸ್ಯಗಂಧ ಇನ್ನೂ ಸುರತ್ಕಲ್ ದಾಟಿರ್ಲಿಕ್ಕಿಲ್ಲ’ ಅನ್ನುತ್ತೇವಲ್ಲ, ಅದು ‘ಇಟ್ ವೋಂಟ್ ಹ್ಯಾವ್ ಕ್ರಾಸ್ಡ್ ಸುರತ್ಕಲ್ ಯೆಟ್’. ‘ಅವನು ನನ್ನನ್ನು ನೋಡಿರ್ಲಿಕ್ಕಿಲ್ಲ’ ಅಂದರೆ ಬ್ರಿಟನ್‌ನವರು ‘ಹಿ ಕಾಂಟ್ ಹ್ಯಾವ್ ಸೀನ್ ಮಿ’ ಅನ್ನುತ್ತಾರೆ. ಇಲ್ಲಿ ಅಮೆರಿಕದಲ್ಲಿ ‘ಹಿ ಮಸ್ಟ್ ನಾಟ್ ಹ್ಯಾವ್ ಸೀನ್ ಮಿ’ ಅನ್ನುವುದು ಜಾಸ್ತಿ.

ಮೇಷ್ಟ್ರೇ, ನಿನ್ನೆಯ ನನ್ನ ಮಾತನ್ನು ಸ್ವಲ್ಪ ತಿದ್ದಿಕೊಳ್ಳುತ್ತೇನೆ. ಇಲ್ಲಿನ ಆಫೀಸ್ ಮೇಲ್‌ಗಳನ್ನು ತೆಗೆದು ನೋಡಿದೆ. ಮಾತಿನಲ್ಲಿ ಡಿಡಂಟ್ ಅನ್ನುವವರೇ ಬರೆಯುವಾಗ ‘ವಿ ಹ್ಯಾವಂಟ್ ರಿಸೀವ್ಡ್’ ಅಂತ ಬರೆದಿದ್ದಾರೆ.

ಮಣಿಪಾಲ_ಸೆಕೆಂಡ್_ಇಯರ್ · ಬುಧವಾರ, ಬೆಳಿಗ್ಗೆ 9:00

ಸರ್, ‘ಬಂದಿರಲಿಲ್ಲ’ ಅಂದರೆ ಹ್ಯಾಡಂಟ್ ಅಲ್ವಾ? ನಿನ್ನೆ ನನ್ನ ಲೆಕ್ಚರರ್‌ಗೆ ‘ಐ ಹ್ಯಾಡಂಟ್ ಕಮ್ ಆನ್ ಮಂಡೇ’ ಅಂದೆ. ಅವರು ಡಿಡಂಟ್ ಅನ್ನು ಅಂತ ತಿದ್ದಿದರು. ಕನ್ನಡದಲ್ಲಿ ‘ಸೋಮವಾರ ಬಂದಿರಲಿಲ್ಲ’ ಅಂತಲೇ ಹೇಳುವುದಲ್ವಾ?

ಅಜ್ಜರಕಾಡು_ಮೇಷ್ಟ್ರು · ಬುಧವಾರ, ಬೆಳಿಗ್ಗೆ 10:15

ಒಳ್ಳೆಯ ಪ್ರಶ್ನೆ. ನಾನು ಹೇಳಿದ ದಾರಿ ಎಲ್ಲಿ ಕೈಕೊಡುತ್ತದೆ ಅಂತ ಸರಿಯಾಗಿ ಅಲ್ಲೇ ಬೆರಳಿಟ್ಟಿದ್ದೀರಿ.

ಕನ್ನಡದಲ್ಲಿ ‘ಬಂದಿರಲಿಲ್ಲ’ ಅನ್ನಲು ಬೇರೆ ಘಟನೆ ಬೇಕಾಗಿಲ್ಲ. ‘ನಿನ್ನೆ ಯಾಕೆ ಬಂದಿರಲಿಲ್ಲ?’ ಅಂತ ಸಹಜವಾಗಿ ಕೇಳುತ್ತೇವೆ. ಇಂಗ್ಲಿಷಿನ ಹ್ಯಾಡಂಟ್ ಒಂಟಿಯಾಗಿ ನಿಲ್ಲುವುದಿಲ್ಲ. ಅದಕ್ಕೆ ಆತುಕೊಳ್ಳಲು ಹಿಂದಿನ ಕಾಲದಲ್ಲೇ ಇನ್ನೊಂದು ಗಳಿಗೆ ಬೇಕು. ‘ಬಸ್ ಬಂದಾಗ ನಾನು ತಿಂಡಿ ಮುಗಿಸಿರಲಿಲ್ಲ’. ಇಲ್ಲಿ ಬಸ್ ಬಂದದ್ದು ಆ ಗಳಿಗೆ. ‘ವೆನ್ ದ ಬಸ್ ಕೇಮ್, ಐ ಹ್ಯಾಡಂಟ್ ಫಿನಿಶ್ಡ್ ಮೈ ಬ್ರೇಕ್‌ಫಾಸ್ಟ್’. ಸರಿ. ಬಸ್ಸನ್ನು ತೆಗೆದು, ‘ನಿನ್ನೆ ತಿಂಡಿ ತಿಂದಿರಲಿಲ್ಲ’ ಅಂತ ಮಾತ್ರ ಹೇಳಿದರೆ ‘ಐ ಡಿಡಂಟ್ ಈಟ್ ಬ್ರೇಕ್‌ಫಾಸ್ಟ್ ಯೆಸ್ಟರ್‌ಡೇ’.

ಆ ಇನ್ನೊಂದು ಗಳಿಗೆಯನ್ನು ಅದೇ ವಾಕ್ಯದಲ್ಲಿ ಹೇಳಲೇಬೇಕು ಅಂತ ಇಲ್ಲ. ಕಥೆ ಹೇಳುತ್ತಿರುವಾಗ ಅದು ಮುಂಚೆಯೇ ಬಂದಿದ್ದರೆ ಸಾಕು. ಆದರೆ ಎಲ್ಲೋ ಒಂದು ಕಡೆ ಇರಬೇಕು.

‘ಇಫ್’ ಜೊತೆ ಬಂದಾಗ ಹ್ಯಾಡಂಟ್‌ನ ಕೆಲಸ ಬೇರೆ. ‘ಇಫ್ ಐ ಹ್ಯಾಡಂಟ್ ಮಿಸ್ಡ್ ದ ಬಸ್’. ಬಸ್ ತಪ್ಪದೇ ಇದ್ದಿದ್ದರೆ. ಅಂದರೆ ತಪ್ಪಿತ್ತು. ‘ಇಲ್ಲ’ ಅನ್ನುವ ಮಾತಿನಿಂದ ಆಗಿದ್ದು ಏನು ಅಂತ ತಿಳಿಯುತ್ತದೆ. ಇದರಲ್ಲಿ ಕನ್ನಡ ಇಂಗ್ಲಿಷ್ ಎರಡೂ ಒಂದೇ ದಾರಿಯಲ್ಲಿ ಹೋಗುತ್ತವೆ, ನೋಡಿ ನನಗೆ ಯಾವತ್ತೂ ಸಂತೋಷ ಆಗುತ್ತದೆ.

ಮಲ್ಪೆ_ಬಂದರು · ಬುಧವಾರ, ಸಂಜೆ 6:50

ನಾವು ಮೀನಿನ ವ್ಯಾಪಾರದವರು. ಕೇರಳ, ಗೋವಾದವರ ಜೊತೆ ಇಂಗ್ಲಿಷ್‌ನಲ್ಲೇ ಮಾತು. ನಮ್ಮ ಕಡೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ. ಒಟ್ಟು 61 ದಿನ. ಆಗ ಎಲ್ಲರೂ ಫೋನ್ ಮಾಡಿ ಮೀನು ಕೇಳುತ್ತಾರೆ. ನಾನು ‘ಬೋಟ್ಸ್ ಡಿಡಂಟ್ ಗೋ ಸಿನ್ಸ್ ಒನ್ ಮಂತ್’ ಅನ್ನುತ್ತಿದ್ದೆ. ಮಗಳು ಕೇಳಿ ತಿದ್ದಿದಳು. ‘ಬೋಟ್ಸ್ ಹ್ಯಾವಂಟ್ ಗಾನ್ ಔಟ್ ಸಿನ್ಸ್ ಜೂನ್ ಫಸ್ಟ್’, ಇಲ್ಲದಿದ್ದರೆ ‘ಫಾರ್ ಎ ಮಂತ್’.

ನಮಗೆ ‘ಜೂನ್‌ನಿಂದ’ ಅನ್ನುವುದಕ್ಕೂ ‘ಒಂದು ತಿಂಗಳಿನಿಂದ’ ಅನ್ನುವುದಕ್ಕೂ ಒಂದೇ ‘ಇಂದ’. ಅವರಿಗೆ ಎರಡು. ಶುರುವಾದ ದಿನ ಹೇಳಿದರೆ ಸಿನ್ಸ್. ಎಷ್ಟು ಕಾಲ ಅಂತ ಅಳತೆ ಹೇಳಿದರೆ ಫಾರ್. ಸರಿ ಅಲ್ವಾ ಮೇಷ್ಟ್ರೇ?

ಮತ್ತೆ ‘ಯಾರೂ ಬಂದಿಲ್ಲ’ ಅನ್ನಲು ‘ಎನಿಬಡಿ ಹ್ಯಾಸಂಟ್ ಕಮ್’ ಅನ್ನುತ್ತಿದ್ದೆ. ಅದೂ ತಪ್ಪಂತೆ.

ಕುಲಶೇಖರ_ತುಳುವ · ಬುಧವಾರ, ಸಂಜೆ 7:10

ಸಿನ್ಸ್, ಫಾರ್ ನೀವು ಹೇಳಿದ್ದು ಸರಿ. ‘ಯಾರೂ ಬಂದಿಲ್ಲ’ ಮಾತ್ರ ‘ನೋಬಡಿ ಹ್ಯಾಸ್ ಕಮ್’. ನಮ್ಮಲ್ಲಿ ‘ಇಲ್ಲ’ ವಾಕ್ಯದ ಕೊನೆಗೆ ಬರುತ್ತದೆ, ಮುಂದೆ ಬರುವ ‘ಯಾರೂ’ ಅದಕ್ಕಾಗಿ ಕಾಯುತ್ತದೆ. ಇಂಗ್ಲಿಷ್‌ನಲ್ಲಿ ಎನಿಬಡಿಗೆ ಹಾಗೆ ಕಾಯಲು ಬರುವುದಿಲ್ಲ. ಅದರ ಮುಂಚೆಯೇ ‘ಇಲ್ಲ’ ಬಂದಿರಬೇಕು. ‘ಯಾರನ್ನೂ ನೋಡಿಲ್ಲ’ ಆದರೆ ‘ಐ ಹ್ಯಾವಂಟ್ ಸೀನ್ ಎನಿಬಡಿ’ ಸರಿಹೋಗುತ್ತದೆ. ಯಾಕೆಂದರೆ ಅಲ್ಲಿ ಹ್ಯಾವಂಟ್ ಮುಂದೆ ಬಂದು ಆಗಿದೆ.

‘ಅವನು ಬಂದಿಲ್ಲ ಅಂತ ಕಾಣುತ್ತದೆ’ ಅನ್ನುವುದಕ್ಕೂ ಅವರು ‘ಇಲ್ಲ’ವನ್ನು ಮುಂದಕ್ಕೆ ಎಳೆದುಕೊಳ್ಳುತ್ತಾರೆ. ‘ಐ ಡೋಂಟ್ ಥಿಂಕ್ ಹಿ ಹ್ಯಾಸ್ ಕಮ್’. ‘ಐ ಥಿಂಕ್ ಹಿ ಹ್ಯಾಸಂಟ್ ಕಮ್’ ತಪ್ಪಲ್ಲ, ಆದರೆ ಅವರ ಬಾಯಲ್ಲಿ ಕೇಳುವುದು ಕಡಿಮೆ.

ವೆಲೆನ್ಸಿಯಾ_ಮನೆ · ಬುಧವಾರ, ಸಂಜೆ 7:45

‘ನಾನು ಕೊಲ್ಲೂರಿಗೆ ಹೋಗಿಲ್ಲ’ ಅನ್ನಲು ‘ಹ್ಯಾವಂಟ್ ಗಾನ್’ ಸರಿಯಾ, ‘ಹ್ಯಾವಂಟ್ ಬೀನ್’ ಸರಿಯಾ?

ಅಜ್ಜರಕಾಡು_ಮೇಷ್ಟ್ರು · ಬುಧವಾರ, ಸಂಜೆ 8:00

‘ಐ ಹ್ಯಾವಂಟ್ ಬೀನ್ ಟು ಕೊಲ್ಲೂರು’. ಹೋಗಿ ಬಂದ ಅನುಭವ ಇದೆಯೋ ಇಲ್ಲವೋ ಅನ್ನುವುದಕ್ಕೆ ಬೀನ್. ಒಮ್ಮೆಯೂ ‘ಹೋಗಿಯೇ ಇಲ್ಲ’ ಅಂತ ಒತ್ತಿ ಹೇಳಬೇಕಾದರೆ ‘ಐವ್ ನೆವರ್ ಬೀನ್’. ನಮ್ಮ ಆ ‘ಯೇ’ ಇದೆಯಲ್ಲ, ಅದೇ ಅವರ ನೆವರ್. ಅವನು ಹೊರಟಿಲ್ಲ, ಮನೆಯಲ್ಲೇ ಇದ್ದಾನೆ ಅನ್ನುವುದಕ್ಕೆ ‘ಹಿ ಹ್ಯಾಸಂಟ್ ಗಾನ್’.

ಬೈಕಂಪಾಡಿ_ಲೆಡ್ಜರ್ · ಗುರುವಾರ, ಬೆಳಿಗ್ಗೆ 9:40

ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದೇನೆ. ಇವತ್ತು ಅದೇ ಗ್ರಾಹಕರಿಗೆ ಮತ್ತೆ ಬರೆಯಬೇಕು. ಕಳಿಸುವ ಮುಂಚೆ ಒಮ್ಮೆ ನೋಡಿ ಹೇಳಿ.

‘ಥ್ಯಾಂಕ್ ಯು ಫಾರ್ ಎಕ್ಸ್‌ಪ್ಲೇನಿಂಗ್ ದ ಡಿಲೇ. ವಿ ಹ್ಯಾವಂಟ್ ಸ್ಟಿಲ್ ರಿಸೀವ್ಡ್ ದ ಪೇಮೆಂಟ್. ಇಟ್ ಮೇ ನಾಟ್ ಹ್ಯಾವ್ ರೀಚ್ಡ್ ಅವರ್ ಬ್ಯಾಂಕ್ ಯೆಟ್. ಕುಡ್ ಯು ಪ್ಲೀಸ್ ಚೆಕ್ ಆನ್ ಯುವರ್ ಸೈಡ್?’

‘ತಲುಪಿರಲಿಕ್ಕಿಲ್ಲ’ ಅಂತ ಯೋಚಿಸಿ ಆ ಮೂರನೇ ವಾಕ್ಯ ಬರೆದೆ.

ಉಡುಪಿ_ನರ್ಸ್_ಐರ್ಲೆಂಡ್ · ಗುರುವಾರ, ಬೆಳಿಗ್ಗೆ 11:55

ಮೂರನೇ ವಾಕ್ಯ ತುಂಬಾ ಚೆನ್ನಾಗಿದೆ. ಎರಡನೆಯದರಲ್ಲಿ ಮಾತ್ರ ‘ಸ್ಟಿಲ್’ ಜಾಗ ತಪ್ಪಿದೆ. ಅದು ಹ್ಯಾವಂಟ್‌ಗಿಂತ ಮುಂಚೆ ಬರಬೇಕು. ‘ವಿ ಸ್ಟಿಲ್ ಹ್ಯಾವಂಟ್ ರಿಸೀವ್ಡ್’. ಆದರೆ ಸ್ಟಿಲ್ ಅಂದರೆ ‘ಇಷ್ಟು ದಿನ ಆದರೂ ಇನ್ನೂ’ ಅನ್ನುವ ಅಸಮಾಧಾನ ಬರುತ್ತದೆ. ನಿಮಗೆ ಬೇಕಾದದ್ದು ಯೆಟ್. ‘ವಿ ಹ್ಯಾವಂಟ್ ರಿಸೀವ್ಡ್ ದ ಪೇಮೆಂಟ್ ಯೆಟ್’. ಮುಂದಿನ ವಾಕ್ಯದಲ್ಲೂ ಯೆಟ್ ಇರುವುದರಿಂದ ಅಲ್ಲಿ ಅದನ್ನು ತೆಗೆದುಬಿಡಿ.

ಬೈಕಂಪಾಡಿ_ಲೆಡ್ಜರ್ · ಗುರುವಾರ, ಮಧ್ಯಾಹ್ನ 12:30

ತಿದ್ದಿದೆ. ಈಗಷ್ಟೇ ಕಳಿಸಿದೆ. ಉತ್ತರ ಇನ್ನೂ ಬಂದಿಲ್ಲ.